ರಿಸರ್ವ್ ಬ್ಯಾಂಕ್ ಸಾಲಪತ್ರ ಕೊಂಡಾಗ

ಪ್ರತಿ ಶುಕ್ರವಾರ ರಿಸರ್ವ್ ಬ್ಯಾಂಕು ಅಂಕಿಅಂಶಗಳ ವಾರದ ಪುರವಣಿಯೊಂದನ್ನು ಹೊರಡಿಸುತ್ತದೆ. ಷೇರುಪೇಟೆಯ ಏರಿಳಿತಕ್ಕೆ ಪತ್ರಿಕೆಗಳಲ್ಲಿ ಸಿಗುವ ಜಾಗದ ಕಾಲುಭಾಗವೂ ಅದಕ್ಕೆ ಸಿಗುವುದಿಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿ ಅದರಲ್ಲಿ ನೋಡಲೇಬೇಕಾದ ಒಂದು ಅಂಕಿಯಿದೆ: ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಕೊಟ್ಟಿರುವ ನಿವ್ವಳ ಸಾಲ. ಬ್ಯಾಂಕು ಸರ್ಕಾರಿ ಸಾಲಪತ್ರಗಳನ್ನು ಕೊಂಡಂತೆಲ್ಲ ಈ ಅಂಕಿ ಏರುತ್ತದೆ.

ಏರಿದರೇನಾಯಿತು? ಬೇರೆ ಯಾರಾದರೂ ಸಾಲಪತ್ರ ಕೊಂಡರೆ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ. ರಿಸರ್ವ್ ಬ್ಯಾಂಕು ಕೊಂಡಾಗ ಹಾಗಲ್ಲ. ಮಾರಿದವರ ಖಾತೆಗೆ ಅದು ಜಮಾ ಮಾಡುವ ಹಣ ಅದಕ್ಕೆ ಮುಂಚೆ ಎಲ್ಲಿಯೂ ಇರಲಿಲ್ಲ. ಆಡುಮಾತಿನಲ್ಲಿ ‘ನೋಟು ಮುದ್ರಿಸುವುದು’ ಎನ್ನುವುದು ಇದನ್ನೇ. ಸರಕು ಇದ್ದಷ್ಟೇ ಇದ್ದು ಹಣ ಮಾತ್ರ ಹೆಚ್ಚಿದರೆ ಬೆಲೆ ಏರುತ್ತದೆ. ಆದ್ದರಿಂದ ಈ ಅಂಕಿ ಹಣದುಬ್ಬರದ ಮುನ್ಸೂಚನೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಅರ್ಧ ಮಾತು. ಯಾರಿಂದ ಕೊಂಡರು, ಏಕೆ ಕೊಂಡರು ಎಂದು ಕೇಳದಿದ್ದರೆ ಅಂಕಿ ದಾರಿ ತಪ್ಪಿಸುತ್ತದೆ.

ಒಂದು ಕಾಲದಲ್ಲಿ ರಿಸರ್ವ್ ಬ್ಯಾಂಕು ನೇರವಾಗಿ ಸರ್ಕಾರದಿಂದಲೇ ಕೊಳ್ಳುತ್ತಿತ್ತು. 1955ರ ಏರ್ಪಾಡಿನಂತೆ ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣ ಶುಕ್ರವಾರಗಳಂದು 50 ಕೋಟಿ ರೂಪಾಯಿಗಿಂತ ಕಡಿಮೆಯಾಗುವಂತಿರಲಿಲ್ಲ. ಕಡಿಮೆಯಾದರೆ ‘ಅಡ್‌ಹಾಕ್ ಟ್ರೆಷರಿ ಬಿಲ್’ ಎಂಬ 91 ದಿನಗಳ ಹುಂಡಿ ತಾನಾಗಿಯೇ ಹುಟ್ಟುತ್ತಿತ್ತು. ಬ್ಯಾಂಕು ಅದನ್ನು ಕೊಂಡು ಕೊರತೆ ತುಂಬುತ್ತಿತ್ತು. 1974ರಿಂದ ಬಡ್ಡಿ ಬರೀ ಶೇ 4.6. ಇಷ್ಟು ಅಗ್ಗದ ಸಾಲ ಕೇಳಿದಾಗಲೆಲ್ಲ ಸಿಗುವಾಗ ಖರ್ಚಿಗೆ ಲಗಾಮು ಹಾಕುವವರು ಯಾರು? ಹೆಸರಿಗೆ ತಾತ್ಕಾಲಿಕವಾದ ಈ ಹುಂಡಿ 42 ವರ್ಷ ಬಾಳಿತು. ಆ ದಿನಗಳಲ್ಲಿ ನಿವ್ವಳ ಸಾಲದ ಅಂಕಿ ಸರ್ಕಾರದ ಕೈ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದರ ಕನ್ನಡಿಯೇ ಆಗಿತ್ತು. ಅಕ್ಕಿ, ಎಣ್ಣೆ, ಶಾಲೆಯ ಪುಸ್ತಕಗಳ ಬೆಲೆಯಲ್ಲಿ ಅದರ ಭಾರ ಹೊತ್ತವರು ಸಂಬಳದ ಮೇಲೆ ಬದುಕುವವರು.

ಸರ್ಕಾರದ ಸಾಲಕ್ಕೂ ಹಣದ ಪ್ರಮಾಣಕ್ಕೂ ಇರುವ ಈ ನಂಟಿನ ಬಗ್ಗೆ 1985ರಲ್ಲಿಯೇ ಸುಖಮಯ್ ಚಕ್ರವರ್ತಿ ಸಮಿತಿ ಎಚ್ಚರಿಸಿತ್ತು. ಮನಮೋಹನ್ ಸಿಂಗ್ ಅರ್ಥ ಸಚಿವರೂ ಸಿ. ರಂಗರಾಜನ್ ಗವರ್ನರರೂ ಆಗಿದ್ದಾಗ, 1994ರ ಸೆಪ್ಟೆಂಬರಿನಲ್ಲಿ ಇದಕ್ಕೆ ಮಿತಿ ಹಾಕುವ ಒಪ್ಪಂದವಾಯಿತು. 1997ರ ಏಪ್ರಿಲ್ 1ರಿಂದ ಅಡ್‌ಹಾಕ್ ಬಿಲ್ಲು ಇಲ್ಲವಾಯಿತು. ಸರ್ಕಾರದ ಹೊಸ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವುದನ್ನು 2006ರ ಏಪ್ರಿಲಿನಿಂದ ಕಾನೂನೇ ತಡೆಯಿತು.

ಹಾಗಾದರೆ ಈಗಿನ ಖರೀದಿ? ಅದು ಪೇಟೆಯಿಂದ, ಅಂದರೆ ಸಾಲಪತ್ರಗಳನ್ನು ಈಗಾಗಲೇ ಕೊಂಡಿಟ್ಟಿರುವ ಬ್ಯಾಂಕುಗಳು ಮುಂತಾದವರಿಂದ. ಕೋವಿಡ್ ಬಂದ ಮೇಲೆ 2020–21ರ ಸರ್ಕಾರಿ ಸಾಲದ ಗುರಿ 7.8 ಲಕ್ಷ ಕೋಟಿಯಿಂದ 12 ಲಕ್ಷ ಕೋಟಿಗೆ ಏರಿತು. ಅಷ್ಟೊಂದು ಪತ್ರ ಪೇಟೆಗೆ ಬಂದರೆ ಅದರ ಬೆಲೆ ಬಿದ್ದು ಬಡ್ಡಿ ಏರುತ್ತದೆ. ಮನೆಸಾಲದವರೆಗೂ ಅದರ ಬಿಸಿ ತಟ್ಟುತ್ತದೆ. ಬಡ್ಡಿ ಏರದಂತೆ ತಡೆಯಲು ರಿಸರ್ವ್ ಬ್ಯಾಂಕು 2021ರ ಏಪ್ರಿಲ್–ಜೂನ್ ಅವಧಿಯಲ್ಲಿ 1 ಲಕ್ಷ ಕೋಟಿ, ಮುಂದಿನ ಮೂರು ತಿಂಗಳಿಗೆ 1.2 ಲಕ್ಷ ಕೋಟಿ ರೂಪಾಯಿಯ ಪತ್ರ ಕೊಳ್ಳುವುದಾಗಿ ಮೊದಲೇ ಸಾರಿತು. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿತು. ಬಾಗಿಲು ಬೇರೆ, ಆದರೂ ಸರ್ಕಾರದ ಸಾಲದ ದಾರಿ ಸುಗಮವಾಗಿದ್ದಂತೂ ಹೌದು.

2025ರ ಜನವರಿಯ ಕಥೆಯೇ ಬೇರೆ. ರೂಪಾಯಿಯ ಕುಸಿತ ತಡೆಯಲು ರಿಸರ್ವ್ ಬ್ಯಾಂಕು ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಡಾಲರು ಮಾರಿತ್ತು. ಡಾಲರು ಕೊಂಡವರು ತೆತ್ತ ರೂಪಾಯಿ ಪೇಟೆಯಿಂದ ಮಾಯವಾಗಿ, ಬ್ಯಾಂಕುಗಳಿಗೆ ಹಣದ ಮುಗ್ಗಟ್ಟು ಬಂತು. ಆಗ ಘೋಷಿಸಿದ 60,000 ಕೋಟಿ ರೂಪಾಯಿಯ ಖರೀದಿ, ಮುಖ್ಯವಾಗಿ ಖಾಲಿಯಾದ ಕೊಡವನ್ನು ಮತ್ತೆ ತುಂಬುವ ಕೆಲಸ. ಆದ್ದರಿಂದ ನಿವ್ವಳ ಸಾಲದ ಜೊತೆಗೆ, ಅದೇ ಪುರವಣಿಯಲ್ಲಿರುವ ವಿದೇಶಿ ವಿನಿಮಯ ನಿಧಿಯ ಅಂಕಿಯನ್ನೂ ನೋಡಬೇಕು. ಒಂದು ಇಳಿದು ಇನ್ನೊಂದು ಏರಿದ್ದರೆ ಹೊಸ ಹಣ ಹೆಚ್ಚಿಲ್ಲದಿರಬಹುದು. ಎರಡೂ ಒಟ್ಟಿಗೆ ಏರುತ್ತಿದ್ದರೆ ಬೆಲೆಗಳ ಕಡೆ ಒಂದು ಕಣ್ಣಿಡುವುದು ಒಳ್ಳೆಯದು.

ನೇರ ಖರೀದಿಯ ಹಳೆಯ ಬಾಗಿಲಿಗೆ ಪೂರ್ತಿ ಬೀಗ ಬಿದ್ದಿಲ್ಲ. ಯುದ್ಧ, ರಾಷ್ಟ್ರೀಯ ವಿಪತ್ತು, ಕೃಷಿಯ ಕುಸಿತದಂಥ ಸಂದರ್ಭಗಳಲ್ಲಿ ಅದನ್ನು ತೆರೆಯಲು 2018ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕೋವಿಡ್ ವರ್ಷದಲ್ಲಿ ಹಲವರು ಒತ್ತಾಯಿಸಿದರೂ ಆ ಬಾಗಿಲು ತೆರೆಯಲಿಲ್ಲ.