ಹುಡುಗನನ್ನ ಕರೆದಾಯ್ತು, ಜಾಗ ಎಲ್ಲಿ?

ಡಿಸೆಂಬರ್ 10ರಂದು ಚೆನ್ನೈನಲ್ಲಿ ಜೂನಿಯರ್ ಹಾಕಿ ವಿಶ್ವಕಪ್‌ನ ಕಂಚಿನ ಪದಕದ ಪಂದ್ಯ. ಅರ್ಜೆಂಟೀನಾ 2-0 ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮ ಹುಡುಗರು ನಾಲ್ಕು ಗೋಲು ಹೊಡೆದು 4-2ರಲ್ಲಿ ಪಂದ್ಯವನ್ನೇ ತಿರುಗಿಸಿಬಿಟ್ಟರು. ಅವತ್ತು ರಾತ್ರಿಯಿಂದ ಟೈಮ್‌ಲೈನ್ ತುಂಬಾ ಒಂದೇ ಮಾತು: ಇವರನ್ನ ಸೀನಿಯರ್ ತಂಡಕ್ಕೆ ತಗೊಳ್ಳಿ, ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್-ಬೆಲ್ಜಿಯಂನಲ್ಲಿ ವಿಶ್ವಕಪ್ ಇದೆ, ವಯಸ್ಸಾದವರನ್ನ ಮನೆಗೆ ಕಳಿಸಿ.

ಆಸೆ ಸರಿ. ಆದರೆ ‘ತಗೊಳ್ಳಿ’ ಅನ್ನೋದು ಅರ್ಧ ವಾಕ್ಯ. ಭಾರತ ತಂಡಕ್ಕೆ ಹೊಸ ಫಾರ್ವರ್ಡ್‌ಗಳನ್ನ ಕರೆಯೋದರಲ್ಲಿ ನಮಗೆ ಬರಗಾಲವೇನೂ ಇಲ್ಲ. ಶಿಬಿರದ ಪಟ್ಟಿಯಲ್ಲಿ, ಪ್ರವಾಸದ ಪಟ್ಟಿಯಲ್ಲಿ ಪ್ರತಿ ವರ್ಷ ಹೊಸ ಹೆಸರು ಇದ್ದೇ ಇರುತ್ತವೆ. ಕರೆದ ಮೇಲೆ ಆ ಹುಡುಗನಿಗೆ ಮೈದಾನದಲ್ಲಿ ಒಂದು ಜಾಗ, ಒಂದು ಕೆಲಸ, ಒಬ್ಬ ಜೊತೆಗಾರ ಮತ್ತು ಇಷ್ಟು ಪಂದ್ಯ ಅಂತ ಒಂದು ಗಡುವು ಕೊಡ್ತೀವಾ? ಅಲ್ಲೇ ಸಮಸ್ಯೆ ಇರೋದು.

ಸೆಪ್ಟೆಂಬರ್‌ನಲ್ಲಿ ರಾಜ್‌ಗಿರ್‌ನಲ್ಲಿ ಏಷ್ಯಾ ಕಪ್ ಗೆದ್ದ ತಂಡವನ್ನೇ ನೋಡಿ. 18 ಆಟಗಾರರಲ್ಲಿ ಐವರು ಫಾರ್ವರ್ಡ್‌ಗಳು: ಮನ್‌ದೀಪ್ ಸಿಂಗ್, ಅಭಿಷೇಕ್, ಸುಖ್‌ಜೀತ್ ಸಿಂಗ್, ಶೀಲಾನಂದ್ ಲಾಕ್ರಾ, ದಿಲ್‌ಪ್ರೀತ್ ಸಿಂಗ್. ಇವರಲ್ಲಿ ಎಲ್ಲರಿಗಿಂತ ಚಿಕ್ಕವರಾದ ದಿಲ್‌ಪ್ರೀತ್‌ಗೆ ಆಗ 25 ವರ್ಷ. ಇದು ಟೀಕೆಯಲ್ಲ, ಕಪ್ ಗೆದ್ದವರನ್ನ ಟೀಕಿಸೋದು ಹೇಗೆ? ಆದರೆ ವಿಶ್ವಕಪ್‌ಗೆ ಒಂದು ವರ್ಷ ಇರುವಾಗ ದೊಡ್ಡ ಟೂರ್ನಿಯ ತಂಡದಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಫಾರ್ವರ್ಡ್ ಕೂಡ ಇರಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ.

ಎಂಜಿನಿಯರಿಂಗ್ ಓದಿದ ಚಟ, ಒಂದು ಸಣ್ಣ ಲೆಕ್ಕ ಹಾಕ್ತೀನಿ. ಪಂದ್ಯ 60 ನಿಮಿಷ. ಸಾಮಾನ್ಯವಾಗಿ ಒಂದು ಹೊತ್ತಿಗೆ ಮೂವರು ಫಾರ್ವರ್ಡ್‌ಗಳು ಮೈದಾನದಲ್ಲಿ ಇರ್ತಾರೆ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಹಂಚೋಕೆ ಸಿಗುವುದು ಒಟ್ಟು 180 ನಿಮಿಷ. ಐವರಿಗೆ ಸಮನಾಗಿ ಹಂಚಿದರೆ ತಲಾ 36. ಯಾವ ಕೋಚ್ ಕೂಡ ಸಮನಾಗಿ ಹಂಚಲ್ಲ. ನಾಲ್ವರು ಸೀನಿಯರ್‌ಗಳಿಗೆ ತಲಾ 42 ನಿಮಿಷ ಕೊಟ್ಟರೆ 168 ಮುಗೀತು. ಐದನೆಯವನಿಗೆ, ಅಂದ್ರೆ ಹೊಸ ಹುಡುಗನಿಗೆ, ಉಳಿಯೋದು 12.

ಆ 12 ನಿಮಿಷವೂ ಒಟ್ಟಿಗೆ ಸಿಗಲ್ಲ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನ ಬದಲಾಯಿಸಬಹುದು. ಅತಿ ಹೆಚ್ಚು ಬದಲಾಗೋದು ಫಾರ್ವರ್ಡ್‌ಗಳೇ, ಯಾಕಂದ್ರೆ ಉಸಿರುಗಟ್ಟಿ ಓಡುವ ಕೆಲಸ ಅವರದ್ದು. ಮೂರು ನಿಮಿಷ ಆಡು, ಬೆಂಚಿಗೆ ಬಾ, ಮತ್ತೆ ಮೂರು ನಿಮಿಷ ಹೋಗು. ಟಿ20ಯಲ್ಲಿ ಕೊನೆಯ ಓವರಿಗೆ ಬ್ಯಾಟ್ ಕೊಟ್ಟು ‘ಫಾರ್ಮ್ ತೋರಿಸು’ ಅಂದ ಹಾಗೆ. ಇಂಥ ನಾಲ್ಕು ತುಂಡುಗಳಲ್ಲಿ ಚೆಂಡು ಎಷ್ಟು ಸಲ ಅವನ ಸ್ಟಿಕ್ಕಿಗೆ ಬಂದೀತು? ಆಮೇಲೆ ನಾವು ಸ್ಕೋರ್‌ಕಾರ್ಡ್ ನೋಡಿ ‘ಗೋಲು ಹೊಡೀಲಿಲ್ಲ’ ಅಂತ ತೀರ್ಪು ಕೊಡ್ತೀವಿ.

ಆ ಮೂರು ನಿಮಿಷಗಳಲ್ಲಿ ಅವನು ಮಾಡಬೇಕಾದ ಕೆಲಸವಾದರೂ ಏನು? ಬಹುತೇಕ ಟಿವಿಯಲ್ಲಿ ಕಾಣದ ಕೆಲಸ. 2023ರಿಂದ ತಂಡದ ಹೊಣೆ ಹೊತ್ತಿರುವ ಕೋಚ್ ಕ್ರೇಗ್ ಫುಲ್ಟನ್ ಅವರದ್ದು ‘ಮೊದಲು ರಕ್ಷಣೆ, ಅದರಿಂದಲೇ ಗೆಲುವು’ ಅನ್ನುವ ಸಿದ್ಧಾಂತ. ಅಲ್ಲಿ ಮೊದಲ ಡಿಫೆಂಡರ್ ಅಂದ್ರೆ ಎದುರಾಳಿಗೆ ಎಲ್ಲರಿಗಿಂತ ಹತ್ತಿರ ನಿಂತಿರುವ ಫಾರ್ವರ್ಡ್. ಎದುರಾಳಿಯ ಡಿಫೆಂಡರ್ ಚೆಂಡು ಹಿಡಿದು ಮೇಲೆ ಬರುವಾಗ ಇವನು ಸುಮ್ಮನೆ ಅವನ ಮೇಲೆ ನುಗ್ಗುವಂತಿಲ್ಲ. ಓರೆಯಾಗಿ ಓಡಿ, ಮಧ್ಯದ ಪಾಸ್ ಮುಚ್ಚಿ, ಚೆಂಡು ಗೆರೆಯ ಕಡೆಗೇ ಹೋಗುವ ಹಾಗೆ ಮಾಡಬೇಕು. ಅದೇ ಕ್ಷಣಕ್ಕೆ ಪಕ್ಕದ ಫಾರ್ವರ್ಡ್ ನಾಲ್ಕೈದು ಹೆಜ್ಜೆ ಒಳಗೆ ಸರಿಯಬೇಕು, ಹಿಂದಿನ ಮಿಡ್‌ಫೀಲ್ಡರ್ ಮುಂದೆ ಬರಬೇಕು. ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೂ ಮಧ್ಯದಲ್ಲಿ ಬಾಗಿಲು ತೆರೀತು. ಬೆಲ್ಜಿಯಂ, ನೆದರ್ಲೆಂಡ್ಸ್ ತಂಡಗಳು ಕಾಯೋದೇ ಆ ಬಾಗಿಲಿಗೆ.

ಜೂನಿಯರ್ ಹಾಕಿಯಲ್ಲಿ ಈ ತಪ್ಪಿಗೆ ದಂಡ ಕಡಿಮೆ, ಏಕೆಂದರೆ ಎದುರಿನ ಡಿಫೆಂಡರ್‌ಗಳೂ ತಪ್ಪು ಮಾಡ್ತಾರೆ. ವೇಗ ಇರುವ ಹುಡುಗ ಚೆಂಡು ಕಸಿದು ‘ಡಿ’ಯೊಳಗೆ ನುಗ್ಗಿಬಿಡ್ತಾನೆ. ಸೀನಿಯರ್ ಮಟ್ಟದಲ್ಲಿ ಅದೇ ವೇಗ ಎದುರಿನವರಿಗೂ ಇರುತ್ತೆ, ಜೊತೆಗೆ ಹತ್ತು ವರ್ಷದ ಅನುಭವವೂ. ಅಲ್ಲಿ ಬದುಕಬೇಕಾದರೆ ಪಾಸ್ ಕೊಡುವವನ ಕಣ್ಣು ಓದೋಕೆ ಬರಬೇಕು. ಹಾರ್ದಿಕ್ ಸಿಂಗ್ ಯಾವಾಗ ತಲೆ ಎತ್ತುತ್ತಾರೆ, ಎತ್ತಿದ ಮೇಲೆ ಚೆಂಡು ಬಿಡೋಕೆ ಎಷ್ಟು ಹೊತ್ತು ತಗೊಳ್ತಾರೆ, ಡಿಫೆಂಡರ್‌ನ ಬೆನ್ನ ಹಿಂದಿನಿಂದ ಯಾವ ಕ್ಷಣದಲ್ಲಿ ಮುಂದೆ ಚಿಮ್ಮಬೇಕು. ಇದನ್ನ ವಿಡಿಯೊ ನೋಡಿ ಕಲಿಯೋಕಾಗಲ್ಲ. ಅದೇ ಜೊತೆಗಾರರ ಜೊತೆ ಹತ್ತಾರು ಪಂದ್ಯ ಆಡಿಯೇ ಬರಬೇಕು. ಹೊಸಬನನ್ನ ಇನ್ನಿಬ್ಬರು ಹೊಸಬರ ಜೊತೆ ಸೇರಿಸಿ, ಪಂದ್ಯ ಕೈತಪ್ಪಿದ ಮೇಲೋ ಗೆದ್ದಾದ ಮೇಲೋ ಒಳಗೆ ಬಿಟ್ಟರೆ ಅದು ಅವಕಾಶ ಅಲ್ಲ, ಹಾಜರಿ ಅಷ್ಟೇ.

ಇದರ ಮೇಲೆ ಇನ್ನೊಂದು ತೊಡಕು ಇದೆ: ನಮ್ಮ ತಂಡ ಗೋಲು ಹೊಡೆಯುವ ರೀತಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ 8 ಪಂದ್ಯಗಳಲ್ಲಿ 15 ಗೋಲು ಹೊಡೀತು. ಅದರಲ್ಲಿ 10 ಗೋಲು ಒಬ್ಬರದ್ದೇ, ಡಿಫೆಂಡರ್ ಹರ್ಮನ್‌ಪ್ರೀತ್ ಸಿಂಗ್ ಅವರದ್ದು, ಪೆನಾಲ್ಟಿ ಕಾರ್ನರ್ ಮತ್ತು ಸ್ಟ್ರೋಕ್‌ಗಳಿಂದ. ತಂಡದಲ್ಲಿದ್ದ ಐವರು ಫಾರ್ವರ್ಡ್‌ಗಳು ಸೇರಿ ಹೊಡೆದದ್ದು 4. ಕಂಚು ಬಂತು, ಖುಷಿಪಟ್ಟೆವು, ಸರಿ. ಆದರೆ ಇಂಥ ತಂಡದಲ್ಲಿ ಫಾರ್ವರ್ಡ್‌ನ ನಿಜವಾದ ಕೆಲಸ ‘ಡಿ’ಯೊಳಗೆ ಹೋಗಿ ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ಪೆನಾಲ್ಟಿ ಕಾರ್ನರ್ ಗಿಟ್ಟಿಸೋದು. ಆ ಕೆಲಸಕ್ಕೆ ಸ್ಕೋರ್‌ಕಾರ್ಡ್‌ನಲ್ಲಿ ಅವನ ಹೆಸರು ಬರಲ್ಲ. ಕೆಲಸ ಒಂದು, ಮಾರ್ಕ್ಸ್ ಕೊಡೋದು ಇನ್ನೊಂದಕ್ಕೆ.

ಅರೈಜೀತ್ ಸಿಂಗ್ ಹುಂಡಾಲ್ ಅವರ ಉದಾಹರಣೆ ತಗೊಳ್ಳಿ. 2024ರ ಡಿಸೆಂಬರ್ 4ರಂದು ಮಸ್ಕತ್‌ನಲ್ಲಿ ಜೂನಿಯರ್ ಏಷ್ಯಾ ಕಪ್ ಫೈನಲ್, ಪಾಕಿಸ್ತಾನದ ವಿರುದ್ಧ 5-3 ಗೆಲುವು, ಅದರಲ್ಲಿ ನಾಲ್ಕು ಗೋಲು ಇವರದ್ದು. ಅದಕ್ಕೂ ಮುಂಚೆ ಅಕ್ಟೋಬರ್‌ನ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಟೀಮ್ ಗೊನಾಸಿಕಾ 42 ಲಕ್ಷ ರೂಪಾಯಿ ಕೊಟ್ಟು ಕೊಂಡಿತ್ತು. ಆದರೆ ಮಸ್ಕತ್‌ನ ಆ ನಾಲ್ಕರಲ್ಲಿ ಮೂರು ಬಂದದ್ದು ಪೆನಾಲ್ಟಿ ಕಾರ್ನರ್‌ನಲ್ಲಿ. ಸೀನಿಯರ್ ತಂಡಕ್ಕೆ ಬಂದರೆ ಡ್ರ್ಯಾಗ್ ಫ್ಲಿಕ್ ಮಾಡೋಕೆ ಹರ್ಮನ್‌ಪ್ರೀತ್ ಇದ್ದಾರೆ, ಅವರ ಹಿಂದೆ ಜುಗರಾಜ್, ಅಮಿತ್ ರೋಹಿದಾಸ್ ಇದ್ದಾರೆ. ಅಂದ್ರೆ ಹುಡುಗನ ಅತ್ಯಂತ ಹರಿತವಾದ ಆಯುಧವನ್ನ ಬಾಗಿಲಲ್ಲೇ ಇಡಿಸಿಕೊಂಡು ಒಳಗೆ ಬಿಟ್ಟ ಹಾಗೆ. ಅದು ತಪ್ಪು ಅಂತಲ್ಲ, ಹರ್ಮನ್‌ಪ್ರೀತ್ ಇರುವಾಗ ಬೇರೆಯವರ ಕೈಗೆ ಯಾರು ಕೊಡ್ತಾರೆ? ಆದರೆ ಆಗ ಅವನಿಂದ ಏನು ನಿರೀಕ್ಷಿಸ್ತೀವಿ ಅಂತ ಹೊಸದಾಗಿ ಬರೆದುಕೊಡಬೇಕು. ಮಸ್ಕತ್‌ನ ಅಂಕಿಗಳನ್ನ ಹಿಡಿದು ಅಳೆಯೋಕಾಗಲ್ಲ. ಏಷ್ಯಾ ಕಪ್‌ನ 18ರಲ್ಲಿ ಅವರ ಹೆಸರಿರಲಿಲ್ಲ.

ಇದರ ಬೆಲೆ ಏನು ಅಂತ ನೋಡೋಕೆ ಏಷ್ಯಾ ಕಪ್ ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಎರಡು ಗೋಲು ಹೊಡೆದ ದಿಲ್‌ಪ್ರೀತ್ ಅವರನ್ನೇ ನೋಡಿ. 2018ರಲ್ಲಿ 18ನೇ ವಯಸ್ಸಿಗೆ ಕರೆ ಬಂತು. ಅದೇ ವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟ, ಅದೇ ವರ್ಷ ಭುವನೇಶ್ವರದ ವಿಶ್ವಕಪ್. ಅಲ್ಲಿ ಗೋಲು ಬರಲಿಲ್ಲ, ಮುಂದೆ ತಂಡದಿಂದಲೂ ಹೊರಬಿದ್ದರು. ಮತ್ತೆ ಒಳಬಂದು ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ ಮೊದಲ ಗೋಲು ಹೊಡೆದರು. 2023ರ ವಿಶ್ವಕಪ್ ತಂಡದಲ್ಲಿಲ್ಲ, ಪ್ಯಾರಿಸ್ ತಂಡದಲ್ಲೂ ಇಲ್ಲ. ಆಮೇಲೆ ರಾಜ್‌ಗಿರ್. ಈ ಏಳು ವರ್ಷಗಳಲ್ಲಿ ಅವರನ್ನ ನೋಡಿದ ಮುಖ್ಯ ಕೋಚ್‌ಗಳು ನಾಲ್ವರು: ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್, ಫುಲ್ಟನ್. ಪ್ರತಿಯೊಬ್ಬರಿಗೂ ಫಾರ್ವರ್ಡ್ ಅಂದ್ರೆ ಬೇರೆ ಅರ್ಥ. ‘ಹುಡುಗ ಕಷ್ಟಪಟ್ಟು ಮರಳಿ ಬಂದ’ ಅಂತ ನಾವು ಕತೆ ಹೇಳ್ತೀವಿ, ಚೆನ್ನಾಗಿಯೂ ಇದೆ. ಆದರೆ ಅವರ ಹಾಗೆ ಹೊರಗೆ ಬಿದ್ದು ಮರಳಿ ಬಾರದವರ ಕತೆ ಯಾರೂ ಬರೆಯಲ್ಲ.

ನಮ್ಮದೇ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ ಕೂಡ 18ಕ್ಕೇ ಬಂದವರು, 2007ರ ಏಷ್ಯಾ ಕಪ್‌ನಲ್ಲಿ. 14 ವರ್ಷ ಆಡಿ ನಿವೃತ್ತರಾದಾಗ ಅವರ ಲೆಕ್ಕ 264 ಪಂದ್ಯ, 72 ಗೋಲು. ಅಂದ್ರೆ ಸರಿಸುಮಾರು ನಾಲ್ಕು ಪಂದ್ಯಕ್ಕೊಂದು. ಬರೀ ಗೋಲು ಎಣಿಸಿದ್ದರೆ ಸುನಿಲ್ ಎಂದೋ ಮನೆಗೆ ಹೋಗಬೇಕಿತ್ತು. ಬಲಗಡೆಯ ಗೆರೆ ಹಿಡಿದು ಆ ಓಟ ಓಡಿ, ಹಿಂದಿನ ಗೆರೆಯಿಂದ ಚೆಂಡನ್ನ ಒಳಗೆ ಎಳೆದು ಕೊಡೋದು ಅವರ ಕೆಲಸ ಅಂತ ತಂಡಕ್ಕೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಸ್ಪಷ್ಟತೆ ಇದ್ದಿದ್ದರಿಂದಲೇ ಒಬ್ಬ ಹುಡುಗ 14 ವರ್ಷ ಉಳಿದ.

ಹಾಗಾದರೆ ಈಗಿನ ಹುಡುಗರು ನಿಮಿಷಗಳನ್ನ ಎಲ್ಲಿಂದ ಗಳಿಸಬೇಕು? ಪ್ರೊ ಲೀಗ್ ಇದೆ, ಪ್ರಯೋಗಕ್ಕೆ ಸರಿಯಾದ ಜಾಗ ಅಂತ ಎಲ್ಲರೂ ಹೇಳ್ತಾರೆ. ಆದರೆ ಕೊನೆಯ ಸ್ಥಾನ ಬಂದರೆ ಕೆಳಗಿಳಿಸ್ತಾರೆ. 2025ರ ಜೂನ್‌ನಲ್ಲಿ ಯುರೋಪಿನಲ್ಲಿ ಭಾರತ ಸತತ 7 ಪಂದ್ಯ ಸೋತು ಒಂಬತ್ತು ತಂಡಗಳಲ್ಲಿ 8ನೇ ಸ್ಥಾನಕ್ಕೆ ನಿಂತಿತು. ಅಂಥ ಹೊತ್ತಲ್ಲಿ ಹೊಸಬನಿಗೆ 25 ನಿಮಿಷ ಕೊಡುವ ಧೈರ್ಯ ಯಾವ ಕೋಚ್‌ಗೆ ಬರುತ್ತೆ? ಸೋತರೆ ಕೇಳೋದು ಅವರನ್ನೇ, ಹುಡುಗ ಕಲಿತನಾ ಅಂತ ಯಾರೂ ಕೇಳಲ್ಲ.

ಇನ್ನು ಹಾಕಿ ಇಂಡಿಯಾ ಲೀಗ್. ಏಳು ವರ್ಷಗಳ ನಂತರ 2024ರ ಡಿಸೆಂಬರ್‌ನಲ್ಲಿ ಮರಳಿದಾಗ ಪ್ರತಿ ತಂಡಕ್ಕೆ 24 ಆಟಗಾರರು, ಅದರಲ್ಲಿ ಕನಿಷ್ಠ 4 ಭಾರತೀಯ ಜೂನಿಯರ್‌ಗಳು ಇರಲೇಬೇಕು ಅಂತ ನಿಯಮ ಮಾಡಿದರು. ಒಳ್ಳೆಯದೇ. ಆದರೆ ತಂಡದಲ್ಲಿ ಇರೋದು ಬೇರೆ, ಆಡೋದು ಬೇರೆ. ಪಂದ್ಯ ಬಿಗಿಯಾದಾಗ ಫ್ರಾಂಚೈಸಿ ಕೋಚ್‌ನ ಕಣ್ಣು ಹೋಗೋದು ದುಡ್ಡು ಕೊಟ್ಟು ತಂದ ವಿದೇಶಿ ಸ್ಟ್ರೈಕರ್ ಕಡೆಗೆ. ಲೀಗ್ ನಡೆಯೋದೂ ವರ್ಷಕ್ಕೆ ಕೆಲವೇ ವಾರ. ಉಳಿದ ಕಾಲವೆಲ್ಲ ಶಿಬಿರ, ಅಂದ್ರೆ ತಮ್ಮತಮ್ಮಲ್ಲೇ ಅಭ್ಯಾಸ. ಯುರೋಪಿನ ಹುಡುಗ ವಾರಕ್ಕೊಂದು ಕ್ಲಬ್ ಪಂದ್ಯ ಆಡಿ, ತಪ್ಪು ಮಾಡಿ, ಮುಂದಿನ ವಾರ ತಿದ್ದಿಕೊಳ್ತಾನೆ. ನಮ್ಮವನು ತನ್ನ ಮೊದಲ ತಪ್ಪನ್ನ ಭಾರತದ ಜೆರ್ಸಿ ಹಾಕಿಕೊಂಡೇ ಮಾಡಬೇಕು.

ಇಲ್ಲಿ ಕರ್ನಾಟಕದ ಬಗ್ಗೆಯೂ ಎರಡು ಮಾತು. ರಾಷ್ಟ್ರೀಯ ಶಿಬಿರಗಳ ಮನೆ ಅಂದ್ರೆ ಬೆಂಗಳೂರಿನ ಸಾಯ್ ಕೇಂದ್ರ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ 360 ಕುಟುಂಬಗಳ ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಇಷ್ಟಿದ್ದೂ ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ಹೆಸರಿನ ಒಂದು ತಂಡವಿಲ್ಲ. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕ, ಒಪ್ಪಂದ 2036ರವರೆಗೆ ಇದೆ. ನಮ್ಮ ಸರ್ಕಾರ ಅಷ್ಟು ಮಾಡಬೇಕು ಅಂತ ಹೇಳ್ತಿಲ್ಲ. ಐಟಿ ಕಂಪನಿಗಳ ರಾಜಧಾನಿಯಲ್ಲಿ ಒಂದು ಫ್ರಾಂಚೈಸಿಗೆ ಮಾಲೀಕರು ಸಿಗಲಿಲ್ವಾ, ಸಿಗುವಂತೆ ಮಾಡೋಕೆ ಕ್ರೀಡಾ ಇಲಾಖೆ ಏನು ಮಾಡಿತು ಅಂತ ಕೇಳಬಹುದಲ್ವಾ? ಪೊನ್ನಂಪೇಟೆಯ ಹುಡುಗನೊಬ್ಬನಿಗೆ ಆ 12 ನಿಮಿಷ 30 ಆಗೋದು ಇಂಥ ನಿರ್ಧಾರಗಳಿಂದಲೇ.

ತಂಡದ ಮಟ್ಟದಲ್ಲಿ ನನ್ನ ಒತ್ತಾಯ ದೊಡ್ಡದೇನಲ್ಲ. ಜೂನಿಯರ್ ತಂಡದಿಂದ ಇಬ್ಬರೇ ಫಾರ್ವರ್ಡ್‌ಗಳನ್ನ ಆರಿಸಿ, ಆರು ಜನರನ್ನ ಕರೆದು ಎಲ್ಲರಿಗೂ ಚೂರು ಚೂರು ಹಂಚಬೇಡಿ. ಒಬ್ಬನನ್ನ ಅಭಿಷೇಕ್ ಪಕ್ಕ, ಇನ್ನೊಬ್ಬನನ್ನ ಮನ್‌ದೀಪ್ ಪಕ್ಕ ನಿಲ್ಲಿಸಿ, ಎಂಟು ಪಂದ್ಯ ಜೋಡಿ ಬದಲಾಯಿಸಬೇಡಿ. ಮನ್‌ದೀಪ್ ಕೂಡ ಹಾಕಿ ಇಂಡಿಯಾ ಲೀಗ್‌ನ ಮೊದಲ ವರ್ಷ, 2013ರಲ್ಲಿ, ಹದಿನೆಂಟಕ್ಕೇ ಮಿಂಚಿ ಬಂದವರು. ಹೊಸಬನಿಗೆ ಏನು ಹೇಳಬೇಕು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲ ಮತ್ತು ಎರಡನೇ ಕ್ವಾರ್ಟರ್‌ನಲ್ಲಿ ಆಡಿಸಿ, ಪಂದ್ಯ ಇನ್ನೂ ಜೀವಂತ ಇರುವಾಗ. ಮತ್ತೆ ‘ಡಿ’ ಪ್ರವೇಶ, ಗಿಟ್ಟಿಸಿದ ಪೆನಾಲ್ಟಿ ಕಾರ್ನರ್, ಮುಂದೆಯೇ ಕಸಿದ ಚೆಂಡು, ಆಡಿದ ನಿಮಿಷ, ಇವನ್ನ ಪ್ರತಿ ಪಂದ್ಯದ ನಂತರ ಹಾಕಿ ಇಂಡಿಯಾ ಸಾರ್ವಜನಿಕವಾಗಿ ಕೊಡಲಿ. ಕೋಚ್‌ಗಳ ಲ್ಯಾಪ್‌ಟಾಪಿನಲ್ಲಿ ಇಂಥ ಲೆಕ್ಕ ಇದ್ದೇ ಇರುತ್ತೆ. ಹೊರಗೆ ಬಂದರೆ ಒಬ್ಬನನ್ನ ಯಾಕೆ ಕೈಬಿಟ್ಟರು, ಯಾಕೆ ಉಳಿಸಿಕೊಂಡರು ಅಂತ ನಾವೂ ಕೇಳಬಹುದು, ಆ ಹುಡುಗನೂ ಕೇಳಬಹುದು.

ಇದಕ್ಕೆ ಒಂದೆರಡು ಪಂದ್ಯ ಸೋಲಬೇಕಾಗಬಹುದು. ಸೋತ ರಾತ್ರಿ ‘ಮಕ್ಕಳನ್ನ ಯಾಕೆ ಆಡಿಸಿದ್ರಿ’ ಅಂತ ಟ್ವೀಟ್ ಮಾಡುವವರಲ್ಲಿ ಡಿಸೆಂಬರ್ 10ರಂದು ‘ಇವರನ್ನ ತಗೊಳ್ಳಿ’ ಅಂದವರೂ ಇರ್ತಾರೆ.

ಜನವರಿಯಲ್ಲಿ ಲೀಗ್, ಫೆಬ್ರವರಿಯಲ್ಲಿ ಭಾರತದ ಪ್ರೊ ಲೀಗ್ ಪಂದ್ಯಗಳು. ತಂಡದ ಪಟ್ಟಿ ಬಂದಾಗ ಹೊಸ ಹೆಸರುಗಳು ಖಂಡಿತ ಇರುತ್ತವೆ. ಮೊದಲ ಪಂದ್ಯದ ದಿನ ಒಂದು ಹಾಳೆ ತಗೊಂಡು ಕೂತ್ಕೊಳ್ಳಿ: ಆ ಹುಡುಗ ಎಷ್ಟು ಸಲ ಒಳಗೆ ಬಂದ, ಯಾವ ಕ್ವಾರ್ಟರ್‌ನಲ್ಲಿ, ಪಕ್ಕದಲ್ಲಿ ಯಾರಿದ್ದರು. ನಾನೂ ಬರೆದಿಡ್ತೀನಿ, ಮಾರ್ಚ್‌ನಲ್ಲಿ ಹೋಲಿಸಿ ನೋಡೋಣ.