ಹೂ ಅರಳುವ ಮೊದಲೇ ಆಗಬೇಕಾದ ಮಾತು

ಎರಡು ತಾಸು ಕೂತು ನಾವು ಮಾಡಿದ ಸೆಂಟಿನ ವಾಸನೆ ಹೇಗಿತ್ತೆಂದರೆ, ಜಾತ್ರೆಯಲ್ಲಿ ಊದುಬತ್ತಿ ಅಂಗಡಿಯ ಮುಂದೆ ಯಾರೋ ಮಲ್ಲಿಗೆ ದಂಡೆ ಬೀಳಿಸಿಕೊಂಡು ಹೋದ ಹಾಗಿತ್ತು. ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ತೆತ್ತ ದುಡ್ಡನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದಾಗ ಇಬ್ಬರಿಗೂ ಎದೆ ಧಸಕ್ಕೆಂದಿತು. ನಮ್ಮ ಕಡೆ ಹೂ ಬಿಡಿಸಲು ಹೋಗುವವರ ಎಷ್ಟೋ ದಿನದ ಕೂಲಿ ಅದು.

ಕಳೆದ ಆಗಸ್ಟ್‌ನಲ್ಲಿ ವರದಿಗಾರಿಕೆಯ ತರಬೇತಿಗೆಂದು ನಮ್ಮ ತಂಡದ ಇಬ್ಬರು ದಕ್ಷಿಣ ಫ್ರಾನ್ಸ್‌ಗೆ ಹೋಗಿದ್ದೆವು. ಖರ್ಚು ಕರೆಸಿದವರದು. ರಜೆಯ ಒಂದು ದಿನ ಸಿಕ್ಕಿತು. ಉಳಿದವರೆಲ್ಲ ಸಮುದ್ರ ನೋಡಲು ಹೊರಟರು. ನಮ್ಮಲ್ಲಿ ಒಬ್ಬಳು ಉಡುಪಿ ಕಡೆಯವಳು, ಸಮುದ್ರ ಅವಳಿಗೆ ಹೊಸದಲ್ಲ. ಹಾಗಾಗಿ ನಾವಿಬ್ಬರೂ ಕಾನ್ ಎಂಬ ಊರಿಂದ ರೈಲು ಹತ್ತಿ ಗ್ರಾಸ್‌ಗೆ ಹೋದೆವು. ಗುಡ್ಡದ ಮೇಲಿನ ಸಣ್ಣ ಊರು, ಪ್ರಪಂಚದ ಸೆಂಟಿನ ರಾಜಧಾನಿ ಎಂದು ಹೆಸರು. ಅಲ್ಲಿ ಸುಗಂಧದ್ದೇ ಒಂದು ಮ್ಯೂಸಿಯಂ ಇದೆ. 1989ರಲ್ಲಿ ಶುರುವಾದದ್ದು.

ಮ್ಯೂಸಿಯಂನಲ್ಲಿ ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ ಪ್ರಯಾಣಕ್ಕೆ ಇಟ್ಟುಕೊಂಡಿದ್ದ ಪೆಟ್ಟಿಗೆ ಇದೆ, ಜನ ಅದರ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮರದ ಚೌಕಟ್ಟು, ನಡುವೆ ಗಾಜು, ಗಾಜಿನ ಮೇಲೆ ಕೊಬ್ಬು ಸವರುವುದು, ಅದರ ಮೇಲೆ ಒಂದೊಂದೇ ಮಲ್ಲಿಗೆ ಇಡುವುದು. ಮಾರನೆಯ ದಿನ ಬಾಡಿದ ಹೂ ತೆಗೆದು ಹೊಸದು ಇಡುವುದು. ಹೀಗೆ ದಿನಗಟ್ಟಲೆ ಮಾಡಿದರೆ ಕೊಬ್ಬು ಹೂವಿನ ಕಂಪನ್ನೆಲ್ಲ ಕುಡಿದುಬಿಡುತ್ತದೆ. ಮಲ್ಲಿಗೆಯನ್ನು ನೀರಲ್ಲಿ ಕುದಿಸಿ ಭಟ್ಟಿ ಇಳಿಸಿದರೆ ಅದರ ನಿಜವಾದ ಕಂಪು ಕೆಡುತ್ತದೆ, ಅದಕ್ಕೇ ಈ ಪಾಡು. ಈಗ ದ್ರಾವಕದಲ್ಲಿ ಅದ್ದಿ ತೆಗೆಯುತ್ತಾರೆ. ಒಂದು ಕಿಲೋ ಹೂವಿಗೆ ಸುಮಾರು ಎಂಟು ಸಾವಿರ ಮಲ್ಲಿಗೆ ಬೇಕು. ಒಂದು ಕಿಲೋ ಶುದ್ಧ ಸಾರಕ್ಕೆ ಆರೇಳು ನೂರು ಕಿಲೋ ಹೂವು. ಅಷ್ಟೂ ಕೈಯಲ್ಲೇ, ಬೆಳಗಿನ ಜಾವ, ಬಗ್ಗಿ ಬಿಡಿಸಬೇಕು.

ಆ ಮಲ್ಲಿಗೆ ಯಾವುದು ಗೊತ್ತೇ? ನಮ್ಮ ಜಾಜಿ. ಏಷ್ಯಾದ ನಮ್ಮ ಕಡೆಯಿಂದ ಶತಮಾನಗಳ ಹಿಂದೆ ಅಲ್ಲಿಗೆ ಹೋದ ಬಳ್ಳಿ.

ಇನ್ನೊಂದು ಸಂಗತಿ ಹೇಳಲೇಬೇಕು. ಗ್ರಾಸ್ ಮೊದಲು ಸುಗಂಧದ ಊರಲ್ಲ, ಚರ್ಮ ಹದ ಮಾಡುವವರ ಊರು. ಕೈಗವಸಿನ ಚರ್ಮದ ವಾಸನೆ ಹೋಗಲೆಂದು ಹೂವಿನ ಕಂಪು ಕೂಡಿಸಿದರು, ಕೊನೆಗೆ ಚರ್ಮ ಹೋಗಿ ಕಂಪು ಉಳಿಯಿತು. ಇದನ್ನು ಅವರು ಗೋಡೆಯ ಮೇಲೆ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಚರ್ಮದ ಕೆಲಸ ಮಾಡಿದವರನ್ನು ನಮ್ಮ ಊರುಗಳು ಎಲ್ಲಿ ಇಟ್ಟವು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಮಧ್ಯಾಹ್ನ ಸೆಂಟು ಮಾಡಲು ಕೂತೆವು. ಗಾಲಿಮಾರ್, ಮೊಲಿನಾರ್, ಫ್ರಾಗೊನಾರ್ ಎಂಬ ಹಳೆಯ ಕಂಪನಿಗಳು ಆ ಊರಲ್ಲಿವೆ. ಬಂದವರನ್ನು ಕೂರಿಸಿ ಅವರ ಕೈಯಲ್ಲೇ ಸೆಂಟು ಮಾಡಿಸುವುದು ಈಗ ಅಲ್ಲಿ ದೊಡ್ಡ ವ್ಯಾಪಾರ. ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ನೂರಕ್ಕೂ ಹೆಚ್ಚು ಸೀಸೆಗಳು. ಅದಕ್ಕೆ ‘ಆರ್ಗನ್’ ಎನ್ನುತ್ತಾರೆ, ಚರ್ಚಿನಲ್ಲಿ ನುಡಿಸುವ ವಾದ್ಯದ ಹೆಸರು. ಕಾಗದದ ಪಟ್ಟಿ ಅದ್ದಿ ಮೂಸಬೇಕು. ಮೊದಲು ತಳದ ವಾಸನೆ ಆರಿಸಬೇಕು, ಅಂದರೆ ಚಂದನ, ಲಾವಂಚ, ಪಚ್ಚೆತೆನೆಯಂತೆ ಹೊತ್ತು ಮುಳುಗುವ ತನಕ ನಿಲ್ಲುವಂಥವು. ಆಮೇಲೆ ನಡುವಿನದು, ಹೂಗಳು. ಕೊನೆಗೆ ಮೇಲಿನದು, ನಿಂಬೆ ಕಿತ್ತಳೆಯಂತೆ ಮೂಗಿಗೆ ಬಡಿದು ಓಡಿಹೋಗುವಂಥವು. ಅಳತೆ ಗಾಜಿನಲ್ಲಿ ಒಂದೊಂದೇ ಹಾಕುತ್ತಾ ಹೋಗುವುದು. ಹತ್ತು ಸೀಸೆ ಮೂಸುವಷ್ಟರಲ್ಲಿ ಮೂಗು ಸತ್ತುಹೋಗುತ್ತದೆ, ಆಗ ಹೊರಗೆ ಹೋಗಿ ಗಾಳಿ ಕುಡಿದು ಬರಬೇಕು. ಮಾಡಿದ ಮೇಲೂ ಎರಡು ಮೂರು ವಾರ ಮುಟ್ಟದೆ ಇಡಬೇಕು, ಉಪ್ಪಿನಕಾಯಿ ಹಾಗೆ.

ಒಂದು ಸೀಸೆಯ ಮೇಲೆ ಫ್ರೆಂಚ್ ಅಕ್ಷರದಲ್ಲಿ ‘ದವನ’ ಎಂದಿತ್ತು. ನಾವು ಎರಡು ಸಲ ಓದಿದೆವು. ಹೌದು, ರಥಕ್ಕೆ ಬಾಳೆಹಣ್ಣಿನ ಜೊತೆ ಎಸೆಯುತ್ತೇವಲ್ಲ, ಅದೇ ದವನ. ನಮ್ಮ ದಕ್ಷಿಣದ ಹೊಲಗಳಲ್ಲಿ ಬೆಳೆದು ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸುವ ಗಿಡ. ಅಲ್ಲಿಯೂ ಹೆಸರು ಬದಲಾಗಿಲ್ಲ. ಇದು ನಮ್ಮೂರಿನದು ಎಂದು ಹೇಳಿಕೊಡುತ್ತಿದ್ದ ಹೆಂಗಸಿಗೆ ತೋರಿಸಿದೆವು. ಆಕೆಗೆ ಖುಷಿಯಾಯಿತು. ಗಿಡ ಎಷ್ಟು ಎತ್ತರ, ಎಲೆಯಲ್ಲಿ ವಾಸನೆಯೋ ಹೂವಿನಲ್ಲೋ ಎಂದೆಲ್ಲ ಕೇಳಿದರು. ಇಪ್ಪತ್ತು ವರ್ಷದಿಂದ ದವನ ಮೂಸಿದ್ದೇನೆ, ಬೆಳೆದವರ ಕಡೆಯವರನ್ನು ನೋಡಿದ್ದು ಇದೇ ಮೊದಲು ಎಂದರು.

ಪಕ್ಕದಲ್ಲೇ ಚಂದನದ ಸೀಸೆ. ಅದು ಲ್ಯಾಬಿನಲ್ಲಿ ಮಾಡಿದ ವಾಸನೆಯಂತೆ. ಸೆಂಟಿನ ಲೋಕದಲ್ಲಿ ಇವತ್ತಿಗೂ ಒಳ್ಳೆಯ ಗಂಧಕ್ಕೆ ‘ಮೈಸೂರು’ ಎಂದೇ ಕರೆಯುತ್ತಾರೆ. ಹೆಸರು ಉಳಿದಿದೆ, ಮರ ಸೀಸೆಯ ತನಕ ಬರುವುದು ಕಡಿಮೆ.

ಇಲ್ಲಿಂದ ನಮ್ಮ ವಾದ ಶುರು. ಗ್ರಾಸ್ ಊರನ್ನು ಹಾಡಿ ಹೊಗಳಲು ನಾವು ಕೂತಿಲ್ಲ. ಅಲ್ಲಿ ತಯಾರಾಗುವ ಬಹುಪಾಲು ಸುಗಂಧಕ್ಕೆ ಕಚ್ಚಾ ಮಾಲು ಹೊರಗಿನದು, ಇಲ್ಲವೇ ಲ್ಯಾಬಿನದು. ಮಲ್ಲಿಗೆ ಸಾರ ಇವತ್ತು ಹೆಚ್ಚು ಬರುವುದು ಈಜಿಪ್ಟ್ ಮತ್ತು ಭಾರತದಿಂದ. ಗ್ರಾಸ್‌ನ ಹೂವಿನ ಹೊಲಗಳಲ್ಲಿ ಬಹುಪಾಲು ಬಂಗಲೆಗಳೆದ್ದಿವೆ. ಬೆಂಗಳೂರಿನ ಸುತ್ತ ಏನಾಯಿತೋ ಅದೇ. ಆದರೂ ಅಳಿದುಳಿದ ಬೆಳೆಗಾರರು ಉಳಿದುಕೊಂಡದ್ದು ಹೇಗೆ? ಪಕ್ಕದ ಪೆಗೊಮಾಸ್ ಎಂಬಲ್ಲಿ ಮ್ಯೂಲ್ ಎಂಬ ಕುಟುಂಬದ ಜೊತೆ ಶನೆಲ್ ಕಂಪನಿ 1987ರಲ್ಲಿ ಒಪ್ಪಂದ ಮಾಡಿಕೊಂಡಿತು. 1921ರಿಂದ ಮಾರುತ್ತಿರುವ ತನ್ನ ‘ನಂಬರ್ 5’ ಸೆಂಟಿಗೆ ಅಲ್ಲಿನ ಮಲ್ಲಿಗೆ ತಪ್ಪಬಾರದು ಎಂಬುದು ಕಂಪನಿಯ ಲೆಕ್ಕ. ಹೂವು ಯಾರಿಗೆ ಹೋಗುತ್ತದೆ ಎಂಬುದು ಮೊಗ್ಗು ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. 2018ರಲ್ಲಿ ಯುನೆಸ್ಕೊ ಗ್ರಾಸ್ ಪ್ರದೇಶದ ಸುಗಂಧ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಮೂರು ಕೆಲಸಗಳನ್ನು ಹೆಸರಿಸಿದರು. ಗಿಡ ಬೆಳೆಯುವುದು, ಸಾರ ತೆಗೆಯುವುದು, ಸೆಂಟು ಕೂಡಿಸುವುದು. ಬೆಳೆಯುವುದಕ್ಕೇ ಮೊದಲ ಜಾಗ.

ನಮ್ಮಲ್ಲಿ? ಉಡುಪಿ ಹುಡುಗಿಯ ಅಮ್ಮ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುತ್ತಾರೆ. ಎಂಟು ನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವ ಮೊದಲು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕಳಿಸಿದ ಮೇಲೆ ಗೊತ್ತಾಗುತ್ತದೆ ಅವತ್ತಿನ ದರ. ಮದುವೆ, ಹಬ್ಬ, ಕೋಲ ಇದ್ದರೆ ಅಟ್ಟೆಗೆ ಎರಡು ಸಾವಿರದ ಹತ್ತಿರ. ಏನೂ ಇಲ್ಲದ ದಿನ ನೂರರ ಲೆಕ್ಕ. ಮೂರು ಸಾವಿರದ ಇನ್ನೂರು ಮೊಗ್ಗು, ಗಿಡಕ್ಕೆ ಬಗ್ಗಿದ ಬೆನ್ನು ಎರಡೂ ದಿನ ಒಂದೇ. ಹಡಗಲಿಯಲ್ಲಾಗಲಿ ಮೈಸೂರಲ್ಲಾಗಲಿ ಕಥೆ ಬೇರೆಯಿಲ್ಲ. ಮೂರೂ ಕಡೆಯ ಮಲ್ಲಿಗೆಗೆ ಜಿಐ ಟ್ಯಾಗ್ ಸಿಕ್ಕಿದೆ, ಹೂವಿನ ಹೆಸರಿಗೆ ಕಾವಲು ಬಂದಿದೆ. ಆಷಾಢದಲ್ಲಿ ದರ ಬಿದ್ದಾಗ ಬೆಳೆದವರಿಗೆ ಆ ಟ್ಯಾಗ್ ಏನು ಮಾಡುತ್ತದೆ?

ಮಲ್ಲಿಗೆಯನ್ನೆಲ್ಲ ಕಾರ್ಖಾನೆಗೆ ಸುರಿಯಿರಿ ಎಂದು ನಾವು ಹೇಳುತ್ತಿಲ್ಲ. ಮುಡಿಗೂ ದೇವರಿಗೂ ಹೋಗುವ ಹೂವಿಗೆ ಕಾರ್ಖಾನೆ ಕೊಡುವುದಕ್ಕಿಂತ ಹೆಚ್ಚು ಸಿಗುವ ದಿನಗಳೇ ಜಾಸ್ತಿ. ಆದರೆ ತಮಿಳುನಾಡಿನ ಮಧುರೈ, ಕೊಯಮತ್ತೂರು ಕಡೆ ಹೂವಿನ ಸಾರ ತೆಗೆಯುವ ಘಟಕಗಳಿವೆ. ಮಾರುಕಟ್ಟೆ ಕುಸಿದ ದಿನ ಹೂವು ಅಲ್ಲಿಗೆ ಹೋಗುತ್ತದೆ. ದರ ಕಡಿಮೆಯೇ, ಆದರೆ ತಿಪ್ಪೆಗೆ ಸುರಿಯುವ ಹೊಟ್ಟೆಯುರಿ ತಪ್ಪುತ್ತದೆ. ಹಡಗಲಿ ಕಡೆ ಅಂಥದೊಂದು ಸುಗಂಧ ಘಟಕ ಬೇಕೆಂಬ ಮಾತು ಹೊಸದೇನಲ್ಲ. ಅದು ಚುನಾವಣೆಯ ಭಾಷಣದಿಂದ ಕೆಳಗಿಳಿಯಬೇಕು, ಅಷ್ಟೇ.

ಇಂಥದ್ದು ನಮ್ಮ ಕೈಲಾಗದು ಎನ್ನುವವರು 1916 ನೆನಪಿಸಿಕೊಳ್ಳಲಿ. ಅದಕ್ಕೆ ಮೊದಲು ಮೈಸೂರಿನ ಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು, ಎಣ್ಣೆ ಅಲ್ಲಿ ತೆಗೆಯುತ್ತಿದ್ದರು. ಮೊದಲ ಮಹಾಯುದ್ಧ ಬಂದು ಕೊಳ್ಳುವವರಿಲ್ಲದೆ ಕೊರಡು ರಾಶಿ ಬಿತ್ತು. ಆಗ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಅದರ ಬೆನ್ನಿಗೆ ನಾವೆಲ್ಲ ಮೈಗೆ ಹಚ್ಚಿಕೊಂಡ ಸೋಪು ಬಂತು. ಎಣ್ಣೆ ನಮ್ಮದಾಯಿತು. ಮರ ಬೆಳೆದವನದಾಗಲು ಮಾತ್ರ 2001ರ ಕಾನೂನು ತಿದ್ದುಪಡಿಯವರೆಗೆ ಕಾಯಬೇಕಾಯಿತು, ಅಲ್ಲಿಯವರೆಗೆ ನಿಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ. ಗಿಡ ಕಂಡರೆ ಅರಣ್ಯ ಇಲಾಖೆಗೆ ತಿಳಿಯುವ ಮೊದಲೇ ಕಿತ್ತು ಹಾಕುತ್ತಿದ್ದ ಅಜ್ಜಂದಿರು ನಮ್ಮ ಮನೆಗಳಲ್ಲೇ ಇದ್ದರು. ಈಗ ಹೆದರಿಕೆ ಕಳ್ಳರದು.

ದೊಡ್ಡ ಕಟ್ಟಡದ ಮ್ಯೂಸಿಯಂ ಬೇಕೆಂಬ ಆಸೆ ನಮಗಿಲ್ಲ, ಅದು ಉದ್ಘಾಟನೆಯ ಕಲ್ಲಿನ ಜೊತೆಗೇ ಮುಗಿಯುತ್ತದೆ. ಹೂ ಬೆಳೆಯುವ ಒಂದೊಂದು ತಾಲ್ಲೂಕಿನಲ್ಲಿ ಒಂದು ಕೋಣೆ, ಒಂದು ಸಣ್ಣ ಭಟ್ಟಿ ಸಾಕು. ದವನ, ಲಾವಂಚ, ಮಜ್ಜಿಗೆ ಹುಲ್ಲು ಭಟ್ಟಿಗೆ ಒಗ್ಗುವ ಬೆಳೆಗಳೇ. ಶಾಲೆ ಮಕ್ಕಳು ಬಂದು ತಮ್ಮ ಹೊಲದ ವಾಸನೆಯನ್ನು ತಾವೇ ಸೀಸೆಗೆ ಇಳಿಸಲಿ. ಪೇಟೆಯವರು ದುಡ್ಡು ಕೊಟ್ಟು ಕಲಿಯಲಿ, ಕಲಿಸುವವರು ಬೆಳೆಗಾರ ಹೆಂಗಸರೇ ಆಗಲಿ. ಎಂಟು ನೂರು ಮೊಗ್ಗು ಬಿಡಿಸಿದ ಮೇಲೆ ಮಾತ್ರ ಸೀಸೆ ಕೊಡುತ್ತೇವೆ ಎಂಬ ನಿಯಮವಿಟ್ಟರೆ ಇನ್ನೂ ಚೆನ್ನ.

ಸೀಸೆಗೆ ಅಂಟಿಸಲು ಹೆಸರು ಹೇಳಿ ಎಂದರು ಅಲ್ಲಿ. ‘ಅಟ್ಟೆ’ ಎಂದು ಬರೆಸಿದೆವು. ಏನು ಅರ್ಥ ಎಂದು ಆಕೆ ಕೇಳಿದರು, ಮೂರು ಸಾವಿರದ ಇನ್ನೂರು ಎಂದೆವು. ಆ ಸೀಸೆ ಈಗ ಶಂಕರಪುರದ ಹತ್ತಿರದ ಆ ಮನೆಯ ಕಪಾಟಿನಲ್ಲಿದೆ. ಅಮ್ಮ ಒಮ್ಮೆ ಮೂಸಿ, ನಮ್ಮ ಹೂವಿನ ಹಾಗಿಲ್ಲ ಎಂದು ಮುಚ್ಚಿಟ್ಟರು.

ನಿಮ್ಮ ಮನೆಯಲ್ಲಿ ಮಲ್ಲಿಗೆ, ದವನ, ಗಂಧ, ಲಾವಂಚ ಯಾವುದಾದರೂ ಬೆಳೆಯುತ್ತಿದ್ದರೆ ನಮಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಎರಡೇ ವಿಷಯ ಸಾಕು: ಕೊಳ್ಳುವವರು ದರವನ್ನು ಯಾವಾಗ ಹೇಳುತ್ತಾರೆ, ಬೆಳೆ ಕೈಗೆ ಬರುವ ಮೊದಲೋ ಆಮೇಲೋ? ದರ ಬಿದ್ದ ದಿನ ನೀವು ಏನು ಮಾಡಿದಿರಿ?