ಗೋದಾಮು ಖಾಲಿಯಾದಾಗ ಮುಂದಿನ ಬಾಗಿಲು ಯಾವುದು?

2023ರ ಜೂನ್ 12ರಂದು ಅಕ್ಕಿ ಕೊಡ್ತೀವಿ ಅಂತ ಭಾರತೀಯ ಆಹಾರ ನಿಗಮ, ಅಂದರೆ ಎಫ್‌ಸಿಐ, ಕರ್ನಾಟಕಕ್ಕೆ ಪತ್ರ ಬರೆಯಿತು. ಮರುದಿನವೇ ಕೇಂದ್ರದಿಂದ ಆದೇಶ: ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯ ಸರ್ಕಾರಗಳಿಗೆ ಅಕ್ಕಿ, ಗೋಧಿ ಮಾರಾಟ ಬಂದ್. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಗೆ ತಿಂಗಳಿಗೆ 2 ಲಕ್ಷ ಟನ್‌ಗೂ ಹೆಚ್ಚು ಅಕ್ಕಿ ಬೇಕಿತ್ತು. ಆಮೇಲೆ ನಡೆದ ಕೇಂದ್ರ-ರಾಜ್ಯ ಜಗಳ ನಿಮಗೆ ಗೊತ್ತೇ ಇದೆ. ಅದೇ ಪ್ರಸಂಗವನ್ನು ಒಂದು ಸಾಫ್ಟ್‌ವೇರ್ ಸೆಟ್ಟಿಂಗ್ ಮೂಲಕ ನೋಡೋಣ.

ದೊಡ್ಡ ಕಂಪನಿಗಳು ಬಳಸುವ ಸಪ್ಲೈ ಚೈನ್ ಸಾಫ್ಟ್‌ವೇರ್‌ಗಳಲ್ಲಿ 'ಲೊಕೇಶನ್ ಸಬ್‌ಸ್ಟಿಟ್ಯೂಷನ್' ಅನ್ನೋ ನಿಯಮ ಇರುತ್ತದೆ. ಎಸ್‌ಎಪಿಯ ಹೊಸ ಆವೃತ್ತಿಯಲ್ಲಿ ಇದೇ ಕೆಲಸಕ್ಕೆ 'ಆಲ್ಟರ್ನೇಟಿವ್ ಬೇಸ್ಡ್ ಕನ್ಫರ್ಮೇಷನ್' ಎಂಬ ಹೆಸರಿದೆ. ವಿಷಯ ಸರಳ. ಬೆಂಗಳೂರಿನ ಗೋದಾಮಿಗೆ 100 ಪೆಟ್ಟಿಗೆಯ ಆರ್ಡರ್ ಬಂತು, ಇರೋದು 60 ಅಂದುಕೊಳ್ಳಿ. ಉಳಿದ 40 ಎಲ್ಲಿಂದ? ಮೊದಲು ಹುಬ್ಬಳ್ಳಿ ನೋಡು, ಅಲ್ಲೂ ಇಲ್ಲದಿದ್ದರೆ ಹೈದರಾಬಾದ್ ನೋಡು ಅಂತ ಮೊದಲೇ ಪಟ್ಟಿ ಬರೆದಿಟ್ಟಿರುತ್ತಾರೆ.

ಪಟ್ಟಿ ಮಾಡೋದು ಸುಲಭ. ಕಷ್ಟ ಇರೋದು ಅದರ ಜೊತೆಗೆ ತುಂಬಬೇಕಾದ ಖಾನೆಗಳಲ್ಲಿ. ಎಷ್ಟು ದಿನ ತಡವಾದರೆ ಪರವಾಗಿಲ್ಲ? ಆರ್ಡರ್ ಒಡೆದು ಎರಡು ಕಡೆಯಿಂದ ಕಳಿಸಬಹುದಾ? ಹೆಚ್ಚುವರಿ ಲಾರಿ ಬಾಡಿಗೆ ಯಾರ ಲೆಕ್ಕಕ್ಕೆ? ಎಲ್ಲಕ್ಕಿಂತ ಮುಖ್ಯವಾಗಿ, ಹುಬ್ಬಳ್ಳಿಯಲ್ಲಿ ಅಲ್ಲಿನವರಿಗೇ ಅಂತ ಎತ್ತಿಟ್ಟ ಸರಕಿಗೆ ಕೈ ಹಾಕಬಹುದಾ? ಇವಕ್ಕೆ ಉತ್ತರ ಕೊಡದೆ ನಿಯಮ ಚಾಲೂ ಮಾಡಿದರೆ ಬೆಂಗಳೂರಿನ ಕೊರತೆ ಹುಬ್ಬಳ್ಳಿಗೆ ವರ್ಗಾವಣೆ ಆಗುತ್ತದೆ, ಅಷ್ಟೇ.

ಈಗ 2023ಕ್ಕೆ ವಾಪಸ್ ಬನ್ನಿ. ಬೆಲೆ ಏರಿಕೆ ತಡೆಯಲು ದಾಸ್ತಾನು ಕಾಯ್ದುಕೊಳ್ಳಬೇಕು ಅನ್ನುವುದು ಕೇಂದ್ರದ ವಾದ. ಎತ್ತಿಟ್ಟ ಸರಕನ್ನು ಕಾಯುವ ಈ ತರ್ಕ ತಪ್ಪೇನಲ್ಲ. ಆದರೆ ಖಾಸಗಿ ವ್ಯಾಪಾರಿಗಳಿಗೆ ಹರಾಜಿನ ಬಾಗಿಲು ತೆರೆದೇ ಇತ್ತು, ಮುಚ್ಚಿದ್ದು ರಾಜ್ಯಗಳಿಗೆ. ಅದೂ ಒಪ್ಪಿಗೆ ಪತ್ರ ಕೈಸೇರಿದ ಮೇಲೆ. ಆರ್ಡರ್ ಖಚಿತವಾದ ಮರುದಿನ ನಿಯಮ ಬದಲಿಸಿದರೆ ಯಾವ ಗ್ರಾಹಕ ಸುಮ್ಮನಿರುತ್ತಾನೆ?

ರಾಜ್ಯ ಸರ್ಕಾರವೂ ಉತ್ತರ ಹೇಳಬೇಕು. ಇಷ್ಟು ದೊಡ್ಡ ಗ್ಯಾರಂಟಿಗೆ ಅದರ ಪಟ್ಟಿಯಲ್ಲಿದ್ದದ್ದು ಒಂದೇ ಗೋದಾಮು. ಎಫ್‌ಸಿಐ ಬಾಗಿಲು ಮುಚ್ಚಿದ ಮೇಲೆ ಛತ್ತೀಸ್‌ಗಢ, ತೆಲಂಗಾಣ, ಆಂಧ್ರ, ಪಂಜಾಬ್ ಕಡೆ ಓಡಾಟ ಶುರುವಾಯಿತು. ಎಷ್ಟು ಸಿಗುತ್ತೆ, ಸಾಗಣೆ ವೆಚ್ಚ ಎಷ್ಟಾಗುತ್ತೆ ಅನ್ನುವ ಲೆಕ್ಕ ಆಗ ಹಾಕಿದ್ದು, ಭರವಸೆ ಕೊಡುವಾಗ ಅಲ್ಲ.

ಕೊನೆಗೆ ಸಿಕ್ಕ ಪರಿಹಾರ ನಗದು. ಎಫ್‌ಸಿಐನ ಕೆಜಿಗೆ 34 ರೂಪಾಯಿ ದರದಲ್ಲಿ 5 ಕೆಜಿಗೆ ಲೆಕ್ಕ ಹಾಕಿ, ತಲೆಗೆ 170 ರೂಪಾಯಿ. 2023ರ ಜುಲೈನಿಂದ ಇದು ಖಾತೆಗೆ ಬಂತು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಪಟ್ಟಿಯ ಕೊನೆಯ 'ಲೊಕೇಶನ್' ಬೀದಿ ಮೂಲೆಯ ಕಿರಾಣಿ ಅಂಗಡಿ. ಎಫ್‌ಸಿಐ ದರಕ್ಕೂ ಅಂಗಡಿ ದರಕ್ಕೂ ಇರುವ ವ್ಯತ್ಯಾಸವನ್ನು ಕಾರ್ಡುದಾರರೇ ತುಂಬಿಕೊಳ್ಳಬೇಕು. ಕೇಂದ್ರ ರಾಜ್ಯಗಳಿಗೆ ಮಾರಾಟ ಮತ್ತೆ ತೆರೆದು, 2025ರ ಜನವರಿಯಲ್ಲಿ ದರವನ್ನು ಕೆಜಿಗೆ 22.50 ರೂಪಾಯಿಗೆ ಇಳಿಸಿತು. ಫೆಬ್ರವರಿಯಿಂದ ರಾಜ್ಯ ಹಣದ ಬದಲು ಅಕ್ಕಿಗೇ ಮರಳಿತು. ಅಲ್ಲಿವರೆಗೆ ಒಂದೂವರೆ ವರ್ಷ ಕಳೆದಿತ್ತು.

ಇದೇ ಸಮಸ್ಯೆಯ ಇನ್ನೊಂದು ಮುಖ 'ಒಂದು ದೇಶ ಒಂದು ಪಡಿತರ ಚೀಟಿ'. 2022ರ ಜೂನ್ ಹೊತ್ತಿಗೆ ಇದು ಎಲ್ಲ ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೂ ಬಂತು. ಇಲ್ಲಿ ಸರಕಿನ ಬದಲು ಮನುಷ್ಯರೇ ಅಂಗಡಿ ಬದಲಿಸುತ್ತಾರೆ. ಒಳ್ಳೆಯ ವ್ಯವಸ್ಥೆ, ಅನುಮಾನವಿಲ್ಲ. ಆದರೆ ಕಲಬುರಗಿಯಿಂದ ಮುಂಬೈಗೆ ದುಡಿಯಲು ಹೋದವರಿಗೆ ಅಲ್ಲಿ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ರಾಜ್ಯ ಸೇರಿಸಿದ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ. ಇನ್ನು ವಲಸೆ ಬಂದವರು ಹೆಚ್ಚಿರುವ ಬಡಾವಣೆಯ ಅಂಗಡಿಗೆ ಅಲ್ಲೇ ನೋಂದಾಯಿತ ಕಾರ್ಡುಗಳ ಲೆಕ್ಕದಲ್ಲಷ್ಟೇ ಅಕ್ಕಿ ಬಂದರೆ, ತಡವಾಗಿ ಬಂದವರಿಗೆ 'ಸ್ಟಾಕ್ ಇಲ್ಲ' ಅನ್ನೋ ಉತ್ತರವೇ ಗತಿ.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ಪಡಿತರದ ಪರ್ಯಾಯ ಮೂಲಗಳ ಪಟ್ಟಿ ಕೊರತೆ ಬರುವ ಮುಂಚೆಯೇ ಬಹಿರಂಗವಾಗಲಿ. ಖಚಿತಪಡಿಸಿದ ಪೂರೈಕೆಯನ್ನು ನೋಟಿಸ್ ಅವಧಿ ಇಲ್ಲದೆ ರದ್ದು ಮಾಡುವಂತಿರಬಾರದು. ಅಕ್ಕಿ ಬದಲು ಹಣ ಕೊಡುವುದಾದರೆ ಆ ತಿಂಗಳ, ಆ ಜಿಲ್ಲೆಯ ಅಂಗಡಿ ದರಕ್ಕೆ ಕೊಡಲಿ. ಪೆಟ್ಟಿಗೆ ಸಾಗಿಸುವ ಕಂಪನಿ ಇವನ್ನೆಲ್ಲ ಮೊದಲೇ ತೀರ್ಮಾನಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಗ್ರಾಹಕ ಕೈಬಿಡುತ್ತಾನೆ ಅನ್ನೋ ಭಯಕ್ಕೆ. ಪಡಿತರ ಚೀಟಿ ಹಿಡಿದವರಿಗೆ ಬೇರೆ ಕಂಪನಿಗೆ ಹೋಗುವ ಆಯ್ಕೆ ಇಲ್ಲ. ಅವರಿಗಿರೋದು ವೋಟು, ಅದೂ ಐದು ವರ್ಷಕ್ಕೊಮ್ಮೆ. ಹೊಟ್ಟೆ ಹಸಿಯೋದು ದಿನಕ್ಕೆರಡು ಹೊತ್ತು.